ಕೆಂಪಾಗುವ ಬೆಟ್ಟದ ಹುಲ್ಲು: ಬಿತ್ತಿದರೆ ಏಕೆ ಹುಟ್ಟುವುದಿಲ್ಲ?

ಪ್ರಶ್ನೆ: ನಮ್ಮ ಕಾಫಿ ತೋಟದ ಮೇಲ್ಭಾಗದಲ್ಲಿ, ಸುಮಾರು 1,400 ಮೀಟರ್ ಎತ್ತರದಲ್ಲಿ, ಹಳೆಯ ಬ್ಯಾಣ, ಅಂದರೆ ಹುಲ್ಲುಗಾವಲು, ಒಂದಿದೆ. ಮಳೆ ನಿಂತ ಮೇಲೆ ಅಲ್ಲಿನ ಗುಪ್ಪೆ ಗುಪ್ಪೆ ಹುಲ್ಲು ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ತೆನೆ ಬಾಗಿರುತ್ತದೆ, ಬೀಜಕ್ಕೆ ಉದ್ದ ಮೀಸೆ ಇರುತ್ತದೆ, ಪ್ಯಾಂಟಿಗೆ ಚುಚ್ಚಿಕೊಳ್ಳುತ್ತದೆ. ಕಳೆದ ಡಿಸೆಂಬರಿನಲ್ಲಿ ತೆನೆ ಕೊಯ್ದು, ಮೀಸೆ ಉಜ್ಜಿ ತೆಗೆದು, ಧರೆ ಜರಿದು ಬೋಳಾದ ಎರಡು ಗುಂಟೆ ಜಾಗಕ್ಕೆ ಜೂನ್‌ನಲ್ಲಿ ಕೊಟ್ಟಿಗೆ ಗೊಬ್ಬರದ ಜತೆ ಬಿತ್ತಿದೆ. ಎರಡು ಅಂಗುಲ ಮಣ್ಣನ್ನೂ ಮುಚ್ಚಿದೆ. ಹುಲ್ಲು ಒಂದೂ ಹುಟ್ಟಲಿಲ್ಲ, ಕಳೆ ಮಾತ್ರ ಎದೆಮಟ್ಟ ಬೆಳೆಯಿತು. ಇದು ಯಾವ ಹುಲ್ಲು? ತಪ್ಪಿದ್ದೆಲ್ಲಿ? ವರ್ಷಕ್ಕೊಮ್ಮೆ ಬೆಂಕಿ ಹಾಕಿದರೆ ಚೆನ್ನಾಗಿ ಬರುತ್ತದೆ ಎನ್ನುತ್ತಾರಲ್ಲ, ನಿಜವೇ?

ಉತ್ತರ: ನೀವು ಕೊಟ್ಟ ವಿವರಕ್ಕೆ ಹೆಚ್ಚು ಹೊಂದುವುದು ಥೆಮೆಡಾ ಟ್ರಯಾಂಡ್ರಾ. ಪಶ್ಚಿಮ ಘಟ್ಟದ ಎತ್ತರದ ಹುಲ್ಲುಗಾವಲುಗಳಲ್ಲಿ ಇರುವ ಬಹುವಾರ್ಷಿಕ ಹುಲ್ಲು ಇದು. ಮಲೆನಾಡಿನಲ್ಲಿ ಬೆಟ್ಟದಿಂದ ಕೊಯ್ದು ಒಣಗಿಸಿ ತಂದ ಹುಲ್ಲನ್ನೆಲ್ಲ ‘ಕರಡ’ ಎನ್ನುವುದುಂಟು. ಅದು ಒಂದು ಜಾತಿಯ ಹೆಸರಲ್ಲ, ಒಂದು ಹೊರೆ ಕರಡದಲ್ಲಿ ಐದಾರು ಜಾತಿ ಸೇರಿರುತ್ತವೆ. ಹಾಗಾಗಿ ಇಲ್ಲಿ ಥೆಮೆಡಾ ಎಂದೇ ಕರೆಯುತ್ತೇನೆ. ಈ ಹುಲ್ಲಿನ ತೆನೆ ಮತ್ತು ಬುಡ ಹೇಗೆ ಕಟ್ಟಿವೆ ಎಂದು ತಿಳಿದರೆ ನಿಮ್ಮ ಬಿತ್ತನೆ ಏಕೆ ಕೈಕೊಟ್ಟಿತು, ಬೆಂಕಿಯ ಮಾತಿನಲ್ಲಿ ಎಷ್ಟು ನಿಜ ಎಂಬ ಎರಡೂ ಪ್ರಶ್ನೆ ಅಲ್ಲೇ ಬಗೆಹರಿಯುತ್ತವೆ. ಅದಕ್ಕೇ ಗುರುತಿನ ಭಾಗವನ್ನು ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಹೆಸರಿನ ಬಗ್ಗೆ ಎರಡು ಮಾತು. ಈ ಜಾತಿಯನ್ನು ಮೊದಲು ವರ್ಣಿಸಿದವನು ಪೀಟರ್ ಫೋರ್ಸ್‌ಕೋಲ್, ಯೆಮೆನ್‌ನಲ್ಲಿ ಸಿಕ್ಕ ಮಾದರಿಯಿಂದ. ಅವನು 1763ರಲ್ಲಿ ಅಲ್ಲೇ ಮಲೇರಿಯಾದಿಂದ ತೀರಿಕೊಂಡ. ವರ್ಣನೆ ಅಚ್ಚಾದದ್ದು 1775ರಲ್ಲಿ. ‘ಥೆಮೆಡಾ’ ಅರಬ್ಬಿ ಮೂಲದ ಪದ. ‘ಟ್ರಯಾಂಡ್ರಾ’ ಎಂದರೆ ಮೂರು ಕೇಸರದ್ದು. ಹುಲ್ಲುಗಳಲ್ಲಿ ಬಹುಪಾಲಿಗೆ ಮೂರೇ ಕೇಸರ ಇರುವುದರಿಂದ ಗುರುತು ಹಿಡಿಯಲು ಈ ಹೆಸರು ಏನೇನೂ ಉಪಯೋಗವಿಲ್ಲ! ಆಸ್ಟ್ರೇಲಿಯಾದಲ್ಲಿ ಇದೇ ಹುಲ್ಲಿಗೆ ಕಾಂಗರೂ ಹುಲ್ಲು ಎಂದೂ ದಕ್ಷಿಣ ಆಫ್ರಿಕಾದಲ್ಲಿ ರೂಯಿಗ್ರಾಸ್, ಅಂದರೆ ಕೆಂಪು ಹುಲ್ಲು, ಎಂದೂ ಹೆಸರು. ಡ್ರಾಕೆನ್ಸ್‌ಬರ್ಗ್ ಬೆಟ್ಟಗಳ ಇಳಿಜಾರುಗಳಲ್ಲಿ ಇದರದೇ ಪ್ರಾಬಲ್ಯ. ಏಷ್ಯಾದಲ್ಲಿ ಹುಟ್ಟಿ ಆಸ್ಟ್ರೇಲಿಯಾಕ್ಕೂ ಆಫ್ರಿಕಾಕ್ಕೂ ಹಬ್ಬಿದ ಹುಲ್ಲು ಇದು ಎಂದು ವಂಶವಾಹಿ ಅಧ್ಯಯನಗಳು ತೋರಿಸಿವೆ. ಕಬ್ಬು, ಜೋಳ, ಮುಸುಕಿನ ಜೋಳಗಳ ಬಳಗಕ್ಕೇ ಸೇರಿದ್ದು.

ಈಗ ಗಿಡವನ್ನು ಬುಡದಿಂದ ನೋಡಿ. ಹುಲ್ಲು ಗುರುತಿಸುವವರು ಸಾಮಾನ್ಯವಾಗಿ ಮೊದಲು ತೆನೆಗೆ ಕೈ ಹಾಕುತ್ತಾರೆ. ಇದರಲ್ಲಿ ಬುಡವೂ ಅಷ್ಟೇ ಹೇಳುತ್ತದೆ. ಹೊಸ ತೆಂಡೆ, ಅಂದರೆ ಬುಡದಿಂದ ಒಡೆಯುವ ಕುಡಿ, ಹಳೆಯ ಎಲೆಕವಚವನ್ನು ಸೀಳಿಕೊಂಡು ಪಕ್ಕಕ್ಕೆ ಹೋಗುವುದಿಲ್ಲ, ಕವಚದ ಒಳಗೇ ಮೇಲಕ್ಕೆ ಏಳುತ್ತದೆ. ಹಾಗಾಗಿ ಹುಲ್ಲು ಗರಿಕೆಯಂತೆ ಹರಿದು ಹಬ್ಬದೆ ಬಿಗಿಯಾದ ಗುಪ್ಪೆ ಕಟ್ಟುತ್ತದೆ. ಬುಡದ ಕವಚಗಳು ಎರಡು ಬದಿಯಿಂದ ಒತ್ತಿದಂತೆ ಚಪ್ಪಟೆಯಾಗಿದ್ದು ಬೆನ್ನಿನಲ್ಲಿ ಏಣು ಇರುತ್ತದೆ. ಹೆಬ್ಬೆರಳು, ತೋರುಬೆರಳ ನಡುವೆ ಉರುಳಿಸಲು ನೋಡಿದರೆ ಉರುಳುವುದಿಲ್ಲ. ಎಳೆ ಎಲೆ ಸುರುಳಿ ಸುತ್ತಿರದೆ ಮಡಚಿರುತ್ತದೆ. ಎಲೆ ಸಾಮಾನ್ಯವಾಗಿ 10ರಿಂದ 30 ಸೆಂಟಿಮೀಟರ್ ಉದ್ದ, 2ರಿಂದ 5 ಮಿಲಿಮೀಟರ್ ಅಗಲ. ಕವಚ ಮತ್ತು ಎಲೆ ಸೇರುವ ಕಡೆ 1–2 ಮಿಲಿಮೀಟರಿನ ಮೊಂಡು ಪೊರೆಯೊಂದು ನಿಂತಿರುತ್ತದೆ. ಎಲೆಯನ್ನು ಜಜ್ಜಿ ಮೂಸಿ. ವಾಸನೆ ಇರಬಾರದು. ನಿಂಬೆಯ ವಾಸನೆ ಬಂದರೆ ಅದು ಮಜ್ಜಿಗೆ ಹುಲ್ಲಿನ ಬಳಗ, ಥೆಮೆಡಾ ಅಲ್ಲ. ತೆನೆ ಬಂದಾಗ ಗಿಡ ಗಾಳಿ ಹೊಡೆಯುವ ತುದಿಗಳಲ್ಲಿ ಒಂದಡಿಗೇ ನಿಲ್ಲಬಹುದು, ಮಣ್ಣು ಆಳವಿದ್ದ ಕಡೆ ಐದಾರು ಅಡಿಗೂ ಹೋಗಬಹುದು. ಎತ್ತರ ನೋಡಿ ಜಾತಿ ನಿರ್ಧರಿಸಬೇಡಿ.

ತೆನೆಯ ವಿಚಾರ ಸ್ವಲ್ಪ ತಾಳ್ಮೆ ಬೇಡುತ್ತದೆ. ದಂಟಿನ ಮೇಲ್ಭಾಗದಲ್ಲಿ ಅಲ್ಲಲ್ಲಿ ಬಾಗಿದ ಗೊಂಚಲುಗಳಿರುತ್ತವೆ. ಪ್ರತಿ ಗೊಂಚಲಿನಲ್ಲೂ ಅಡಿಕೆಯ ಹಾಳೆಯನ್ನು ಎರಡು ಮೂರು ಸೆಂಟಿಮೀಟರಿಗೆ ಕುಗ್ಗಿಸಿದಂಥ ದೋಣಿಯಾಕಾರದ ಸಣ್ಣ ಹಾಳೆಗಳು ಕಾಣುತ್ತವೆ. ಒಂದು ಹಾಳೆಯನ್ನು ಬಿಡಿಸಿ, ಅದರ ಮಡಿಲಲ್ಲಿರುವುದನ್ನು ಬಿಳಿ ಕಾಗದದ ಮೇಲೆ ಇಟ್ಟು ಎಣಿಸಿ. ಸಾಮಾನ್ಯವಾಗಿ ಏಳು ಕಿರುತೆನೆ ಸಿಗುತ್ತವೆ. ಹೊರಗಡೆ ನಾಲ್ಕು, ಒಂದೇ ಮಟ್ಟದಲ್ಲಿ ಬೇಲಿಯಂತೆ ಸುತ್ತ ನಿಂತವು. ಇವು ಗಂಡು ಅಥವಾ ಬಂಜೆ. ಒಳಗೆ ತೊಟ್ಟಿನ ಮೇಲೆ ಎರಡು, ಅವೂ ಬೀಜ ಕಟ್ಟುವುದಿಲ್ಲ. ನಡುವೆ ತೊಟ್ಟಿಲ್ಲದೆ ಕೂತ ಒಂದು ಮಾತ್ರ ಬೀಜದ್ದು. ಉದ್ದ ಮೀಸೆ ಇರುವುದೂ ಅದಕ್ಕೊಂದಕ್ಕೇ, ಎರಡೂವರೆಯಿಂದ ಏಳು ಸೆಂಟಿಮೀಟರ್. ಬಲಿತ ಬೀಜದ ಹೊಟ್ಟು ಗಡುಸಾಗಿ, ಕಡುಕಂದಾಗಿ, ಮಿರುಗುತ್ತದೆ. ಕೆಳತುದಿ ಸೂಜಿಯಂತೆ ಚೂಪು, ಅದರ ಸುತ್ತ ಮೇಲ್ಮುಖವಾಗಿ ಒರಗಿದ ಕಂದು ರೋಮ.

ನಿಮ್ಮ ಮೊದಲ ತಪ್ಪು ಇಲ್ಲೇ ಇದೆ. ಏಳರಲ್ಲಿ ಆರು ಹುಟ್ಟಿನಿಂದಲೇ ಜೊಳ್ಳು. ಉಳಿದ ಒಂದರಲ್ಲೂ ಕಾಳು ಕಟ್ಟದೆ ಹೋಗುವುದು ಈ ಹುಲ್ಲಿನಲ್ಲಿ ತೀರಾ ಸಾಮಾನ್ಯ. ಚೀಲ ತುಂಬ ತೆನೆ ಉಜ್ಜಿದರೂ ನಿಜವಾದ ಕಾಳು ಒಂದು ಹಿಡಿ ದಾಟದಿರಬಹುದು. ಭತ್ತದ ಬೀಜವನ್ನು ನೀರಿನಲ್ಲಿ ತೇಲಿಸಿ ಜೊಳ್ಳು ತೆಗೆದಂತೆ ಇಲ್ಲಿ ಮಾಡಲಾಗದು, ರೋಮ ಮತ್ತು ಮೀಸೆಯ ನಡುವೆ ಗಾಳಿ ಸಿಕ್ಕಿ ಗಟ್ಟಿ ಬೀಜವೂ ತೇಲುತ್ತದೆ. ಬಿತ್ತುವ ಮೊದಲು ಮಾಡಬೇಕಾದದ್ದು ಕೊಯ್ದು ನೋಡುವ ಪರೀಕ್ಷೆ. ಕಡುಕಂದು ಬಣ್ಣದ, ಮೀಸೆಯ ಕಿರುತೆನೆಗಳನ್ನು ಮಾತ್ರ 100 ಎಣಿಸಿ ತೆಗೆದುಕೊಳ್ಳಿ. ಬ್ಲೇಡಿನಿಂದ ಅಡ್ಡ ಕತ್ತರಿಸಿ. ಒಳಗೆ ಹಿಟ್ಟಿನಂಥ ಬಿಳಿ ಕಾಳು ಕಂಡರೆ ಲೆಕ್ಕಕ್ಕೆ, ಟೊಳ್ಳಾಗಿದ್ದರೆ ಬಿಡಿ. 100ಕ್ಕೆ 20 ಸಿಕ್ಕಿತೆನ್ನಿ, ಆಗ ನಿಮಗೆ 200 ಮೊಳಕೆ ಬೇಕಿದ್ದರೆ ಕನಿಷ್ಠ 1,000 ಬೀಜ ಬೇಕು. ಅದೂ ಎಲ್ಲವೂ ಮೊಳೆತರೆ.

ಎಲ್ಲವೂ ಮೊಳೆಯುವುದಿಲ್ಲ, ಅದು ಎರಡನೆಯ ಕಾರಣ. ಥೆಮೆಡಾದ ಹೊಸ ಬೀಜ ನಿದ್ರೆಯಲ್ಲಿರುತ್ತದೆ. ಗಡುಸು ಹೊಟ್ಟು ಒಂದು ಅಡ್ಡಿ, ಒಳಗಿನ ಭ್ರೂಣವೇ ಇನ್ನೂ ಸಿದ್ಧವಾಗದಿರುವುದು ಇನ್ನೊಂದು. ಒಣ ಬೆಚ್ಚನೆ ಜಾಗದಲ್ಲಿ ಆರರಿಂದ ಹನ್ನೆರಡು ತಿಂಗಳು ಇಟ್ಟ ಮೇಲೆ ಈ ನಿದ್ರೆ ಕಳೆಯುತ್ತ ಬರುತ್ತದೆ. ಡಿಸೆಂಬರಿನ ಬೀಜಕ್ಕೆ ಜೂನ್ ಹೊತ್ತಿಗೆ ಆರು ತಿಂಗಳು. ಅಷ್ಟರಲ್ಲೇ ಒಂದು ಪಾಲು ಎಚ್ಚರಗೊಂಡಿರಬಹುದು, ಉಳಿದದ್ದು ಇಲ್ಲ. ‘ಬೀಜ ಕೆಡದಿರಲಿ’ ಎಂದು ಫ್ರಿಜ್ಜಿನಲ್ಲಿ ಇಡುವವರಿದ್ದಾರೆ. ತಣ್ಣಗೆ ಇಟ್ಟರೆ ನಿದ್ರೆ ಕಳೆಯುವುದೂ ನಿಧಾನವಾಗುತ್ತದೆ, ಆದ್ದರಿಂದ ಮೊದಲ ವರ್ಷ ಫ್ರಿಜ್ ಬೇಡ. ಹಾಗೆಂದು ನಾಲ್ಕೈದು ವರ್ಷ ಇಟ್ಟುಕೊಳ್ಳುವ ಬೀಜವೂ ಅಲ್ಲ. ಮಣ್ಣಿನಲ್ಲಿ ಇದು ಬಹುಕಾಲ ಬಾಳುವುದಿಲ್ಲ. ಒಮ್ಮೆ ಬ್ಯಾಣದಿಂದ ಗಿಡವೇ ಹೋಯಿತೆಂದರೆ ಮಣ್ಣಿನಲ್ಲಿ ಅಡಗಿದ ಬೀಜದಿಂದ ತಾನಾಗಿ ಮರಳೀತು ಎಂದು ಕಾಯುವುದು ವ್ಯರ್ಥ.

ಮೂರನೆಯದು ಆ ಎರಡು ಅಂಗುಲ ಮಣ್ಣು. ಮೀಸೆಯನ್ನು ಭೂತಗನ್ನಡಿಯಲ್ಲಿ ನೋಡಿ. ಕೆಳಗಿನ ಭಾಗ ಹಗ್ಗದಂತೆ ಹೊಸೆದುಕೊಂಡಿದೆ, ನಡುವೆ ಮೊಣಕಾಲಿನಂತೆ ಬಾಗಿದೆ, ಮೇಲಿನ ಭಾಗ ನೇರ ಕಡ್ಡಿ. ಒದ್ದೆಯಾದಾಗ ಹೊಸೆತ ಬಿಚ್ಚಿಕೊಳ್ಳುತ್ತದೆ, ಒಣಗಿದಾಗ ಮತ್ತೆ ಸುತ್ತಿಕೊಳ್ಳುತ್ತದೆ. ಒಂದು ಬೀಜವನ್ನು ತಟ್ಟೆಯಲ್ಲಿಟ್ಟು ಎರಡು ಹನಿ ನೀರು ಹಾಕಿದರೆ ಕಣ್ಣೆದುರೇ ತಿರುಗಲು ಶುರುಮಾಡುತ್ತದೆ. ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಸಸ್ಯಶಾಸ್ತ್ರದ ಪಾಠ ಕಡಿಮೆ. ನೆಲದ ಮೇಲೆ ಮೇಲಿನ ಕಡ್ಡಿ ಪಕ್ಕದ ಹುಲ್ಲಿಗೋ ಕಲ್ಲಿಗೋ ಆತುಕೊಂಡಾಗ ತಿರುಗುವ ಬಲವೆಲ್ಲ ಕೆಳತುದಿಗೆ ಹೋಗುತ್ತದೆ. ಚೂಪು ತುದಿ ಮಣ್ಣಿನ ಬಿರುಕಿಗೆ ಇಳಿಯುತ್ತದೆ, ಮೇಲ್ಮುಖದ ರೋಮ ವಾಪಸು ಬರದಂತೆ ಹಿಡಿಯುತ್ತದೆ. ಇಬ್ಬನಿ ಬಿದ್ದ ರಾತ್ರಿ, ಬಿಸಿಲೇರಿದ ಹಗಲು ಹೀಗೆ ಸರದಿಯಲ್ಲಿ ಬೀಜ ತನ್ನನ್ನು ತಾನೇ ನಾಟಿ ಮಾಡಿಕೊಳ್ಳುತ್ತದೆ. ಅದು ಇಳಿಯುವ ಆಳ ಒಂದು ಸೆಂಟಿಮೀಟರಿನ ಆಸುಪಾಸು. ಎರಡು ಅಂಗುಲ ಎಂದರೆ ಐದು ಸೆಂಟಿಮೀಟರ್. ಅಷ್ಟು ಆಳದಿಂದ ಮೇಲೆ ಬರುವ ಶಕ್ತಿ ಆ ಸಣ್ಣ ಕಾಳಿಗಿಲ್ಲ. ಮೀಸೆ ಉಜ್ಜಿ ತೆಗೆದದ್ದು ಟ್ರೇನಲ್ಲಿ ಬಿತ್ತುವುದಾದರೆ ತಪ್ಪಲ್ಲ, ಅನುಕೂಲವೇ. ಬಯಲಲ್ಲಿ ಚೆಲ್ಲುವುದಾದರೆ ಮೀಸೆಯನ್ನು ಉಳಿಸಬೇಕಿತ್ತು.

ಕೊಟ್ಟಿಗೆ ಗೊಬ್ಬರ ನಾಲ್ಕನೆಯ ತಪ್ಪು, ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು. ಮಲೆನಾಡಿನ ಬೆಟ್ಟದ ಮಣ್ಣು ಮಳೆಗೆ ತೊಳೆದು ಸಾರ ಕಳೆದುಕೊಂಡದ್ದು, ಹುಳಿ ಗುಣದ್ದು. ಥೆಮೆಡಾ ಅಂಥ ಬಡ ಮಣ್ಣಿನಲ್ಲಿ ಬದುಕಲು ಒಗ್ಗಿಕೊಂಡ ಹುಲ್ಲು. ಅದಕ್ಕೆ ಸಾರಜನಕ ಹೆಚ್ಚು ಕೊಟ್ಟರೆ ಅದು ಸಾಯುವುದಿಲ್ಲ, ಆದರೆ ಆ ಸಾರಜನಕವನ್ನು ಅದಕ್ಕಿಂತ ಬೇಗ ನುಂಗುವ ಕಳೆಗಳು ಮೇಲೆದ್ದು ನೆರಳು ಮಾಡುತ್ತವೆ, ಮೊಳಕೆ ನೆರಳಿನಲ್ಲಿ ಸಾಯುತ್ತದೆ. ಜೊತೆಗೆ ಗೊಬ್ಬರದಲ್ಲೇ ಕಳೆಬೀಜ ಇರುತ್ತದೆ. ಆಸ್ಟ್ರೇಲಿಯಾದಲ್ಲಿ ಈ ಹುಲ್ಲನ್ನು ಮರುಸ್ಥಾಪಿಸುವವರು ಇದಕ್ಕೆ ನೇರ ಉಲ್ಟಾ ಕೆಲಸ ಮಾಡಿ ನೋಡಿದ್ದಾರೆ: ಮಣ್ಣಿಗೆ ಸಕ್ಕರೆ ಸುರಿದು, ಸೂಕ್ಷ್ಮಾಣುಗಳು ಸಾರಜನಕವನ್ನು ಹಿಡಿದಿಟ್ಟುಕೊಳ್ಳುವಂತೆ ಮಾಡಿ, ಕಳೆಯನ್ನು ಹಸಿವಿನಿಂದ ಕೆಡವಿ, ಆಮೇಲೆ ಥೆಮೆಡಾ ಎಬ್ಬಿಸಿದ್ದಾರೆ. ನೀವು ಸಕ್ಕರೆ ಸುರಿಯುವ ಅಗತ್ಯವಿಲ್ಲ. ಗೊಬ್ಬರ ಹಾಕದಿದ್ದರೆ ಸಾಕು.

ಇನ್ನೂ ಒಂದು ಸಂಗತಿ ಇದೆ. ಇದು ಜೋಳ, ಕಬ್ಬಿನಂತೆ ಸಿ-4 ಪದ್ಧತಿಯಲ್ಲಿ, ಅಂದರೆ ಬಿಸಿಲು ಸೆಕೆಗೆ ಹೊಂದಿದ ಕ್ರಮದಲ್ಲಿ, ಆಹಾರ ತಯಾರಿಸುವ ಹುಲ್ಲು. ಮೊಳೆಯಲು ಬೆಚ್ಚನೆ ಮಣ್ಣು ಬೇಕು, 25ರಿಂದ 30 ಡಿಗ್ರಿ ಇದ್ದರೆ ಚುರುಕು. ನಿಮ್ಮ ಎತ್ತರದಲ್ಲಿ ಜೂನ್ ಕಳೆಯುತ್ತಲೇ ಮೋಡ ಮುಚ್ಚಿ ಮಣ್ಣು ತಣ್ಣಗಾಗಿಬಿಡುತ್ತದೆ. ನೀರಿದೆ, ಬಿಸಿಯಿಲ್ಲ. ಆದ್ದರಿಂದ ಬೀಜವನ್ನು ಏಪ್ರಿಲ್–ಮೇನಲ್ಲಿ ಟ್ರೇಗಳಲ್ಲಿ ಎಬ್ಬಿಸಿ ಮಳೆ ಹಿಡಿದಾಗ ಸಸಿ ಇಳಿಸುವುದು ಸರಿಯಾದ ಕ್ರಮ.

ಮುಂದೇನು ಮಾಡಬೇಕು? ಎರಡು ಗುಂಟೆಯಷ್ಟೇ ಆದರೆ ನಾನು ಬೀಜವನ್ನು ಎರಡನೆಯ ಸ್ಥಾನಕ್ಕೆ ಇಡುತ್ತೇನೆ. ತೆಂಡೆ ಒಡೆದು ನೆಡುವುದೇ ಖಚಿತ ದಾರಿ.

ಜೂನ್ ಮೊದಲ ಪಾಲಿನಲ್ಲಿ ಎರಡು ಮೂರು ಹದ ಮಳೆ ಬಿದ್ದು ಮಣ್ಣು ಒಳಗೆ ತನಕ ನೆನೆದ ಮೇಲೆ ಶುರುಮಾಡಿ. ನಿಮ್ಮದೇ ಬ್ಯಾಣದಲ್ಲಿ ಚೆನ್ನಾಗಿರುವ ಗುಪ್ಪೆಗಳನ್ನು ಆರಿಸಿ, ಒಂದೇ ಕಡೆಯಿಂದ ಅಲ್ಲ, ಚದುರಿದಂತೆ. ಕುಡುಗೋಲಿನಿಂದ ಮೇಲ್ಭಾಗವನ್ನು 10–15 ಸೆಂಟಿಮೀಟರಿಗೆ ಸವರಿ. ಹಾರೆಯನ್ನು ಗುಪ್ಪೆಯ ನಡುವೆ ಇಳಿಸಿ ಅರ್ಧ ಭಾಗವನ್ನಷ್ಟೇ ಬೇರುಸಹಿತ ಎತ್ತಿ, ಉಳಿದರ್ಧ ಅಲ್ಲೇ ಇರಲಿ, ಮಣ್ಣು ಒತ್ತಿಬಿಡಿ. ಎತ್ತಿದ್ದನ್ನು ಕೈಯಲ್ಲೇ ಬಿಡಿಸಿ 4–6 ತೆಂಡೆಯ ತುಂಡುಗಳಾಗಿ ಮಾಡಿ. ಒಂದೇ ತೆಂಡೆಯನ್ನು ನೆಟ್ಟರೆ ಬಹಳಷ್ಟು ಸಾಯುತ್ತವೆ, ಏಕೆಂದರೆ ಅದರ ಪಾಲಿಗೆ ಬಂದ ಬೇರೂ ಕಡಿಮೆ, ಬುಡದಲ್ಲಿ ಕೂಡಿಟ್ಟ ಆಹಾರವೂ ಕಡಿಮೆ. ಬೇರನ್ನು ಬಿಸಿಲಿಗೆ ಬಿಡಬೇಡಿ, ಒದ್ದೆ ಗೋಣಿಯಲ್ಲಿ ಸುತ್ತಿ ಅಂದೇ ನೆಡಿ.

ಸಾಲುಗಳು ಇಳಿಜಾರಿಗೆ ಅಡ್ಡವಾಗಿರಲಿ. ಸಾಲಿನಿಂದ ಸಾಲಿಗೆ 40 ಸೆಂಟಿಮೀಟರ್, ಸಾಲಿನೊಳಗೆ 30 ಸೆಂಟಿಮೀಟರ್. ಮೇಲಿನ ಸಾಲಿನ ಎರಡು ಗುಪ್ಪೆಗಳ ನಡುವಿನ ಸಂದಿಗೆ ಎದುರಾಗಿ ಕೆಳಸಾಲಿನ ಗುಪ್ಪೆ ಬರಬೇಕು, ಆಗ ನೀರು ನೇರ ಓಡಲು ದಾರಿ ಸಿಗುವುದಿಲ್ಲ. ಈ ಅಂತರದಲ್ಲಿ ಚದರ ಮೀಟರಿಗೆ ಎಂಟು ತುಂಡು, ಗುಂಟೆಗೆ ಹತ್ತಿರ ಹತ್ತಿರ 840, ನಿಮ್ಮ ಎರಡು ಗುಂಟೆಗೆ 1,700ರಷ್ಟು ಬೇಕಾಗುತ್ತದೆ. ಒಂದು ಗುಪ್ಪೆಯ ಅರ್ಧ ಭಾಗದಿಂದ ನಾಲ್ಕೈದು ತುಂಡು ಎಂದು ಹಿಡಿದರೂ ಸುಮಾರು 400 ಗುಪ್ಪೆಗಳನ್ನು ಮುಟ್ಟಬೇಕು. ಬ್ಯಾಣಕ್ಕೆ ಅದು ಹೊರೆ. ಆದ್ದರಿಂದ ಈ ವರ್ಷ ಕಾಲುಭಾಗ ಮಾತ್ರ ನೆಟ್ಟು, ಇನ್ನೊಂದಷ್ಟನ್ನು ಪಾಲಿಥಿನ್ ಚೀಲಗಳಲ್ಲಿ ಬೆಳೆಸಿಕೊಂಡು, ಮುಂದಿನ ಜೂನ್‌ನಲ್ಲಿ ಅವನ್ನೇ ಒಡೆದು ಉಳಿದ ಜಾಗ ತುಂಬಿಸುವುದು ವಿವೇಕ.

ಗುಂಡಿ ತೋಡುವಾಗ ಕಾಫಿ ಗಿಡಕ್ಕೆ ಮಾಡುವಂತೆ ತಗ್ಗು ಬಟ್ಟಲು ಮಾಡಬೇಡಿ. ಜುಲೈ ಮಳೆಗೆ ಅದರಲ್ಲಿ ನೀರು ನಿಂತು ಬುಡ ಕೊಳೆಯುತ್ತದೆ. ಮೊದಲು ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳಕ್ಕೆ ಇಳಿಸಿ, ಸುತ್ತ ಮಣ್ಣು ತುಳಿದು ಗಟ್ಟಿ ಮಾಡಿ, ಮೇಲ್ಮೈ ಸುತ್ತಲ ನೆಲದ ಮಟ್ಟಕ್ಕೆ ಇರಲಿ. ಬೆಳೆಯುವ ಕುಡಿ ಬುಡದಲ್ಲೇ, ನೆಲಕ್ಕೆ ತಾಗಿಕೊಂಡೇ ಇರುವುದರಿಂದ ಅದನ್ನು ಮಣ್ಣಿನಡಿ ಹೂತರೆ ಹೊಸ ತೆಂಡೆ ಒಡೆಯುವುದು ನಿಂತುಹೋಗುತ್ತದೆ. ಎರಡು ಮೂರು ವಾರಕ್ಕೆ ನಡುವಿನಿಂದ ಹೊಸ ಎಲೆ ಕಂಡರೆ ಹಿಡಿಯಿತು ಎಂದರ್ಥ. ಹೊರಗಿನ ಹಳೆ ಎಲೆ ಒಣಗುವುದು ಸಹಜ, ಅದಕ್ಕೆ ಗಾಬರಿ ಬೇಡ.

ಬೀಜದ ದಾರಿಯನ್ನೂ ಹೇಳುತ್ತೇನೆ, ಏಕೆಂದರೆ ತೆಂಡೆಯಿಂದ ಬಂದದ್ದೆಲ್ಲ ತಾಯಿಯ ತದ್ರೂಪಿ, ಬೀಜದಿಂದ ಸ್ವಲ್ಪ ವೈವಿಧ್ಯ ಸಿಗಬಹುದು. ‘ಸಿಗಬಹುದು’ ಎಂದದ್ದಕ್ಕೆ ಕಾರಣವಿದೆ: ಈ ಜಾತಿಯಲ್ಲಿ 20 ವರ್ಣತಂತುಗಳ ಗಿಡಗಳೂ 40 ಮತ್ತು ಅದಕ್ಕಿಂತ ಹೆಚ್ಚಿನವೂ ಇವೆ. ಹೆಚ್ಚು ವರ್ಣತಂತು ಇರುವವು ಎಷ್ಟೋ ಸಲ ಗಂಡು ಹೆಣ್ಣಿನ ಕೂಡಿಕೆ ಇಲ್ಲದೆಯೇ ತಾಯಿಯಂಥದೇ ಬೀಜ ಕಟ್ಟುತ್ತವೆ. ತೆನೆ ನೋಡಿ ಇದನ್ನು ಹೇಳಲಾಗುವುದಿಲ್ಲ. ಬೀಜ ಆರಿಸುವ ಕಾಲ ಎತ್ತರವನ್ನು ನೋಡಿ ನವೆಂಬರಿನಿಂದ ಜನವರಿಯ ತನಕ ಹಿಂದೆಮುಂದಾಗುತ್ತದೆ. ಒಂದೇ ಗಿಡದಲ್ಲಿ ಮೇಲಿನ ಗೊಂಚಲು ಉದುರುತ್ತಿರುವಾಗ ಕೆಳಗಿನದು ಇನ್ನೂ ಹಸಿರಿರುತ್ತದೆ, ಹಾಗಾಗಿ ಒಂದೇ ದಿನ ಎಲ್ಲ ಕೊಯ್ದು ಮುಗಿಸುವ ಆಸೆ ಬೇಡ. ತೆನೆಯನ್ನು ಅಂಗೈಯಲ್ಲಿ ಹಿಡಿದು ಮೆಲ್ಲನೆ ಎಳೆದಾಗ ತಾನಾಗಿ ಬಿಟ್ಟು ಬರುವ ಬೀಜ ಮಾತ್ರ ಬಲಿತದ್ದು. ವಾರಕ್ಕೊಮ್ಮೆ, ಮೂರು ನಾಲ್ಕು ಸಲ ಹೋಗಿ ಹಾಗೆ ಸವರಿ ತನ್ನಿ. ಕಿತ್ತು ತೆಗೆಯಬೇಕಾದ ಬೀಜ ಎಳಸು, ಅದನ್ನು ಎಷ್ಟು ಕಾಲ ಇಟ್ಟರೂ ಮೊಳೆಯದು. ನೆರಳಲ್ಲಿ ನಾಲ್ಕೈದು ದಿನ ಆರಿಸಿ ಬಟ್ಟೆ ಅಥವಾ ಕಾಗದದ ಚೀಲದಲ್ಲಿ ಒಣ ಜಾಗದಲ್ಲಿಡಿ. ಮಲೆನಾಡಿನ ಮಳೆಗಾಲದಲ್ಲಿ ‘ಒಣ ಜಾಗ’ ಎಂದರೆ ಅಡಿಗೆಮನೆಯ ಅಟ್ಟವೇ ಸರಿ. ಮೊದಲು ಬರುವ ಏಪ್ರಿಲ್ ಬಿಟ್ಟು ಅದರ ಮುಂದಿನ ವರ್ಷದ ಏಪ್ರಿಲ್‌ಗೆ ಬಿತ್ತಿದರೆ ಹದಿನೈದರಿಂದ ಹದಿನೇಳು ತಿಂಗಳ ಬೀಜವಾಗಿರುತ್ತದೆ.

ಅಟ್ಟದ ಹೊಗೆ ಈ ಬೀಜಕ್ಕೆ ಅನುಕೂಲವೇ. ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ಥೆಮೆಡಾ ಬೀಜದ ಮೊಳಕೆಯನ್ನು ಹೆಚ್ಚಿಸುತ್ತವೆ. ಅದನ್ನೇ ಬೇಕೆಂದು ಮಾಡುವುದಾದರೆ ಒಂದು ಡ್ರಮ್ಮಿನಲ್ಲಿ ಒಣ ಹುಲ್ಲು ಸುಟ್ಟು, ಹೊಗೆಯನ್ನು ಕೊಳವೆಯಲ್ಲಿ ತಂದು, ಜರಡಿಯ ಮೇಲೆ ಹರಡಿದ ಬೀಜಕ್ಕೆ ಒಂದು ತಾಸು ತಾಗಿಸಿ. ಬೀಜದ ಬಳಿ ಕೈಯಿಟ್ಟರೆ ಬಿಸಿ ಅನ್ನಿಸಬಾರದು, ಬೇಕಾದದ್ದು ಹೊಗೆ, ಕಾವಲ್ಲ. ಹೊಗೆ ಹಾಯಿಸಿದ ನೀರಿನಲ್ಲಿ ಬೀಜ ನೆನೆಸುವ ಕ್ರಮವೂ ಇದೆ. ಆದರೆ ಆ ನೀರನ್ನು ಹತ್ತು ಪಟ್ಟು ತೆಳು ಮಾಡದೆ ಬಳಸಿದರೆ ಮೊಳಕೆ ಹೆಚ್ಚುವ ಬದಲು ನಿಂತೇಹೋಗುತ್ತದೆ. ಟ್ರೇಗೆ ಅರ್ಧ ಮರಳು, ಅರ್ಧ ಬ್ಯಾಣದ್ದೇ ಮೇಲ್ಮಣ್ಣು. ಬೀಜವನ್ನು ಮಲಗಿಸಿ, ಅರ್ಧ ಸೆಂಟಿಮೀಟರಿಗೆ ಮಿಕ್ಕದಂತೆ ಮರಳು ಉದುರಿಸಿ, ಬಿಸಿಲಿಗೇ ಇಡಿ. ಒಂದರಿಂದ ಎರಡು ವಾರದಲ್ಲಿ ಮೊಳಕೆ. ನಾಲ್ಕೈದು ಎಲೆ ಬಂದು ಮೊದಲ ತೆಂಡೆ ಒಡೆದಾಗ ಬಯಲಿಗೆ ಇಳಿಸಬಹುದು.

ನಾಟಿ ಮಾಡಿದ ಮೊದಲ ವರ್ಷ ದನ ಕಟ್ಟುನಿಟ್ಟಾಗಿ ಹೊರಗಿರಬೇಕು. ಕಳೆಯನ್ನು ಹುಲ್ಲಿನ ತಲೆಯ ಮೇಲಕ್ಕೆ ಬರದಂತೆ ಎರಡು ಸಲ ಸವರಿ, ಕಿತ್ತು ಮಣ್ಣು ಸಡಿಲ ಮಾಡಬೇಡಿ. ಲಂಟಾನ, ಯುಪಟೋರಿಯಂ, ತಾನಾಗಿ ಬಿದ್ದ ಅಕೇಶಿಯಾ ಸಸಿಗಳನ್ನು ಮಾತ್ರ ಬೇರುಸಹಿತ ಕೀಳಿ. ಅವು ಒಮ್ಮೆ ನೆರಳು ಹಾಕಿದರೆ ಥೆಮೆಡಾ ಸೋಲುತ್ತದೆ, ನೆರಳು ತಾಳುವ ಹುಲ್ಲೇ ಅಲ್ಲ ಇದು.

ಈಗ ಬೆಂಕಿ. ಎಳೆಯದಿದ್ದಾಗ ಈ ಹುಲ್ಲಿನ ಬೆಳೆಯುವ ಕುಡಿ ನೆಲಕ್ಕೆ ತಾಗಿ ಕವಚಗಳ ಒಳಗೆ ಭದ್ರವಾಗಿರುತ್ತದೆ. ಬೇಸಿಗೆಯಲ್ಲಿ ಒಣಗಿ ಮಲಗಿದ್ದಾಗ ಬೆಂಕಿ ಹಾಯ್ದರೆ ಎಲೆ ಸುಡುತ್ತದೆ, ಬುಡ ಉಳಿಯುತ್ತದೆ, ಮೊದಲ ಮಳೆಗೆ ಚಿಗುರುತ್ತದೆ. ಜನ ಕಂಡದ್ದು ಇದನ್ನೇ. ಇನ್ನೊಂದು ಕಡೆ, ವರ್ಷಗಟ್ಟಲೆ ಕೊಯ್ಯದೆ, ಮೇಯಿಸದೆ, ಸುಡದೆ ಬಿಟ್ಟರೆ ಸತ್ತ ಎಲೆ ಮೇಲೆ ಮೇಲೆ ಕೂತು ಬುಡಕ್ಕೆ ಬೆಳಕು ಹೋಗುವುದಿಲ್ಲ. ಆಗ ತೆಂಡೆಗಳು ಬುಡದಲ್ಲಿ ಒಡೆಯದೆ ದಂಟಿನ ಮೇಲಿನ ಗಿಣ್ಣುಗಳಲ್ಲಿ, ಗಾಳಿಯಲ್ಲಿ ಒಡೆಯುತ್ತವೆ. ಅವಕ್ಕೆ ಬೇರು ಬರುವುದಿಲ್ಲ, ದಂಟಿನ ಜೊತೆಗೇ ಸಾಯುತ್ತವೆ. ಗುಪ್ಪೆ ನಡುವಿನಿಂದ ಟೊಳ್ಳಾಗುತ್ತ ಹೋಗುತ್ತದೆ. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ 11 ವರ್ಷ ಸುಡದೆ ಬಿಟ್ಟ ಥೆಮೆಡಾ ಬಯಲು ಹೀಗೆಯೇ ಕುಸಿದದ್ದು ದಾಖಲಾಗಿದೆ. ದಕ್ಷಿಣ ಆಫ್ರಿಕಾದ ಪೀಟರ್‌ಮಾರಿಟ್ಸ್‌ಬರ್ಗ್ ಬಳಿಯ ಉಕುಲಿಂಗದಲ್ಲಿ 1950ರಿಂದ ನಡೆಯುತ್ತಿರುವ ಪ್ರಯೋಗದಲ್ಲೂ ಸುಡದೆ, ಕೊಯ್ಯದೆ ಬಿಟ್ಟ ತಾಕುಗಳಲ್ಲಿ ಇದು ಹಿಂದೆ ಸರಿದಿದೆ. ಅತಿಯಾಗಿ ಮೇಯಿಸಿದರೂ ಕಡಿಮೆಯಾಗುತ್ತದೆ, ಮೇಯಿಸದೇ ಬಿಟ್ಟರೂ ಕಡಿಮೆಯಾಗುತ್ತದೆ. ಅಲ್ಲಿನ ಹುಲ್ಲುಗಾವಲು ತಜ್ಞರು ಬಯಲಿನ ಆರೋಗ್ಯ ಅಳೆಯಲು ಇದನ್ನೇ ಎಣಿಸುವುದು ಅದಕ್ಕೇ.

ಹಾಗಾದರೆ ಬೆಂಕಿ ಹಾಕಬೇಕೇ? ಬೇಡ. ಹುಲ್ಲು ಕೇಳುವುದು ಬುಡಕ್ಕೆ ಬೆಳಕನ್ನು. ಆ ಕೆಲಸವನ್ನು ಕುಡುಗೋಲು ಮಾಡುತ್ತದೆ, ಅದರಿಂದ ಬಂದ ಹುಲ್ಲು ಕೊಟ್ಟಿಗೆಗೋ ಕಾಫಿ ಬುಡದ ಮುಚ್ಚಿಗೆಗೋ ಆಗುತ್ತದೆ. ಬೆಂಕಿಯನ್ನು ತಡವಾಗಿ, ಚಿಗುರು ಎದ್ದ ಮೇಲೆ ಹಾಕಿದರೆ ಗಿಡ ಕೂಡಿಟ್ಟ ಆಹಾರವನ್ನೆಲ್ಲ ಖರ್ಚು ಮಾಡಿದ ಗಳಿಗೆಯಲ್ಲೇ ಹೊಡೆತ ಬೀಳುತ್ತದೆ. ಶೋಲದ, ಅಂದರೆ ಬೆಟ್ಟದ ಕಣಿವೆಗಳ ನಿತ್ಯಹಸಿರು ಕಾಡಿನ, ಅಂಚಿನ ಸಸಿಗಳಂತೂ ಯಾವ ತಿಂಗಳ ಬೆಂಕಿಗೂ ಉಳಿಯುವುದಿಲ್ಲ. ಕಾನೂನೂ ಸ್ಪಷ್ಟವಿದೆ: 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಕಾಯ್ದಿಟ್ಟ ಅರಣ್ಯಕ್ಕೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಭಯಾರಣ್ಯಕ್ಕೆ ಬೆಂಕಿ ಹಾಕುವುದು ಅಪರಾಧ, ನಿಮ್ಮ ಬ್ಯಾಣದ ಬೆಂಕಿ ಗಡಿ ದಾಟಿದರೂ ಹೊಣೆ ನಿಮ್ಮದೇ. ಹಾಗೆಯೇ ಕುದುರೆಮುಖದಂಥ ರಾಷ್ಟ್ರೀಯ ಉದ್ಯಾನದಿಂದ ಅನುಮತಿಯಿಲ್ಲದೆ ಬೀಜ, ಗುಪ್ಪೆ ತರುವಂತಿಲ್ಲ.

ಕೊಯ್ಯುವ ಕಾಲವನ್ನು ಉದ್ದೇಶ ನೋಡಿ ಗೊತ್ತುಮಾಡಿ. ಮೇವು ಮುಖ್ಯವಾದರೆ ತೆನೆ ಬರುವ ಮುಂಚೆ ಕೊಯ್ಯಬೇಕು, ಹೂ ಬಿಟ್ಟ ಮೇಲೆ ಎಲೆಯ ಸಾರ ಬೇಗ ಇಳಿದು ದನ ಮೂಸಿ ಬಿಡುತ್ತದೆ. ಹುಲ್ಲು ಉಳಿಯುವುದು ಮುಖ್ಯವಾದರೆ ಬೀಜ ಉದುರಿದ ಮೇಲೆ, ಫೆಬ್ರುವರಿಯ ಹೊತ್ತಿಗೆ, ಬುಡದಿಂದ 10–15 ಸೆಂಟಿಮೀಟರ್ ಬಿಟ್ಟು ಕೊಯ್ಯಿರಿ. ಬ್ಯಾಣವನ್ನು ಎರಡು ಪಾಲು ಮಾಡಿ ಒಂದು ವರ್ಷ ಒಂದು, ಮರುವರ್ಷ ಇನ್ನೊಂದು ಕೊಯ್ದರೆ ಪ್ರತಿ ವರ್ಷವೂ ಒಂದು ಪಾಲಿನಲ್ಲಿ ಹಕ್ಕಿ, ಹುಳುಗಳಿಗೆ ಆಸರೆ ಉಳಿಯುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಏಪ್ರಿಲ್–ಮೇ ತಿಂಗಳ ಮೊದಲ ಚಿಗುರಿಗೆ ದನ ಬಿಡುವುದು. ಬೆಂಕಿಯ ಬಗ್ಗೆ ಹೇಳಿದ ಕಾರಣವೇ ಇಲ್ಲಿಯೂ. ಎರಡು ಮೂರು ವರ್ಷ ಹಾಗೆ ಮಾಡಿದರೆ ಗುಪ್ಪೆ ಸಣ್ಣದಾಗುತ್ತ, ಆ ಜಾಗಕ್ಕೆ ದನ ಮುಟ್ಟದ ಒರಟು ಹುಲ್ಲುಗಳು ಬರುತ್ತವೆ.

ಜರಿದ ಧರೆಯ ಬಗ್ಗೆ ಒಂದು ಎಚ್ಚರಿಕೆ. ಥೆಮೆಡಾದ ಬೇರಿನ ಬಹುಪಾಲು ಮೇಲಿನ ಒಂದಡಿ ಮಣ್ಣಿನಲ್ಲೇ ಇರುತ್ತದೆ. ಹನಿಯ ಹೊಡೆತಕ್ಕೆ ಮಣ್ಣು ಕೊಚ್ಚಿ ಹೋಗುವುದನ್ನು ಇದು ಚೆನ್ನಾಗಿ ತಡೆಯುತ್ತದೆ, ಆದರೆ ಕಡಿದ ಧರೆ ಆಳದಿಂದ ಜಾರುವುದನ್ನು ಯಾವ ಗುಪ್ಪೆ ಹುಲ್ಲೂ ತಡೆಯದು. ಮೊದಲು ಧರೆಯ ಮೇಲ್ಗಡೆ ಅಗಳು ತೆಗೆದು ನೀರನ್ನು ಪಕ್ಕಕ್ಕೆ ತಿರುಗಿಸಿ. ಕಡಿದಾದ ಭಾಗದಲ್ಲಿ ಬೇರು ಮೂರು ಮೀಟರ್ ತನಕ ಇಳಿಯಬಲ್ಲ ಲಾವಂಚವನ್ನು ಅಡ್ಡ ಸಾಲಾಗಿ ನೆಡಿ. ಸಾಲುಗಳ ನಡುವಿನ ಬಯಲಿಗೆ ಥೆಮೆಡಾ.

ಇದೆಲ್ಲಕ್ಕೂ ಮುಂಚೆ ನಿಮ್ಮ ಹುಲ್ಲು ಥೆಮೆಡಾವೇ ಎಂದು ಖಚಿತಪಡಿಸಿಕೊಳ್ಳಿ. ಎಡವುವುದು ಎರಡು ಕಡೆ. ಹೆಟೆರೊಪೋಗಾನ್ ಕಂಟಾರ್ಟಸ್ ಎಂಬ ಈಟಿಯಂಥ ಬೀಜದ ಹುಲ್ಲೂ ಇದೇ ಬೆಟ್ಟಗಳಲ್ಲಿದೆ. ಅದರ ತೆನೆ ಬಿಡಿಯಾದ ಒಂದು ಕಡ್ಡಿ, ಹಾಳೆಗಳ ಗೊಂಚಲಿಲ್ಲ. ಹಲವು ಬೀಜಗಳ ಕಪ್ಪು ಮೀಸೆಗಳು ತುದಿಯಲ್ಲಿ ಒಂದಕ್ಕೊಂದು ಹೆಣೆದು ಜಡೆಯಾಗುತ್ತವೆ. ಎರಡನೆಯದು ಥೆಮೆಡಾದ ತಮ್ಮನಂಥ ಥೆಮೆಡಾ ಕ್ವಾಡ್ರಿವಾಲ್ವಿಸ್. ತೆನೆ ನೋಡಿದರೆ ಅಣ್ಣ ಯಾರು, ತಮ್ಮ ಯಾರು ಎಂದು ಪರಿಣತರಿಗೂ ಗೊಂದಲವಾಗುತ್ತದೆ, ಆದರೆ ಅದು ಒಂದೇ ವರ್ಷ ಬದುಕುವ ಹುಲ್ಲು. ನಮ್ಮ ಕಡೆಯಿಂದ ಆಸ್ಟ್ರೇಲಿಯಾಕ್ಕೆ ಹೋಗಿ ಅಲ್ಲಿ ಪೀಡೆಯಾಗಿರುವ ಕಳೆ. ಫೆಬ್ರುವರಿಯಲ್ಲಿ ಒಣಗಿದ ಗಿಡವೊಂದನ್ನು ಹಿಡಿದು ಎಳೆಯಿರಿ. ಸಲೀಸಾಗಿ ಬೇರುಸಹಿತ ಕೈಗೆ ಬಂದರೆ, ಬುಡದಲ್ಲಿ ಹಳೆಯ ವರ್ಷದ ಕವಚಗಳ ಪದರ ಇಲ್ಲದಿದ್ದರೆ, ಅದು ತಮ್ಮ. ಹಾರೆ ಹಾಕದೆ ಬಾರದಿದ್ದರೆ, ಬುಡ ಸೀಳಿದಾಗ ಒಣ ಕವಚಗಳ ನಡುವೆ ಬೆಳ್ಳಗಿನ ಹಸಿ ಮೊಗ್ಗುಗಳು ಕಂಡರೆ, ನಿಮಗೆ ಬೇಕಾದದ್ದು ಅದೇ. ಆ ಗಿಡಕ್ಕೆ ಒಂದು ಗೂಟ ಹೊಡೆದು ಗುರುತಿಟ್ಟುಕೊಳ್ಳಿ, ಜೂನ್‌ನಲ್ಲಿ ಚಿಗುರಿದ ಮೇಲೆ ಎಲ್ಲ ಹುಲ್ಲೂ ಒಂದೇ ಥರ ಕಾಣುತ್ತದೆ.